ಬೊಂಬೆಯ ಹೊಟ್ಟೆಗೆ ಏನು ತಂದಿದ್ದೀಯ?

ಮೊನ್ನೆ ಸ್ಕೂಟರನ್ನು ಸರ್ವೀಸಿಗೆ ಕೊಟ್ಟು ಗ್ಯಾರೇಜಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದೆ. ಮೆಕ್ಯಾನಿಕ್ಕು ಹಳೇ ಆಯಿಲ್ ಬಸಿದು, ಕೈ ಒರೆಸಿಕೊಳ್ಳಲು ಪಕ್ಕದ ಗೋಣಿಚೀಲದಿಂದ ಒಂದು ಹಿಡಿ ವೇಸ್ಟ್ ಎಳೆದ. ವೇಸ್ಟ್ ಎಂದರೆ ಬನಿಯನ್ ಫ್ಯಾಕ್ಟರಿಗಳಲ್ಲಿ ಕತ್ತರಿಸಿ ಉಳಿದ ಬಟ್ಟೆಚೂರು. ಮಿಷನ್ನು ಒರೆಸುವುದಕ್ಕೆಂದು ಮೂಟೆಗಟ್ಟಲೆ ಬರುತ್ತದೆ. ಆ ಹಿಡಿಯಲ್ಲಿ ಗಿಣಿಹಸಿರಿನ ಒಂದು ಪಟ್ಟಿ ಇಣುಕುತ್ತಿತ್ತು. ಅವನು ಅದನ್ನು ಇನ್ನೇನು ಗ್ರೀಸಿಗೆ ಒತ್ತಬೇಕು, ನನ್ನ ಬಾಯಿಂದ ತಾನಾಗಿಯೇ ಬಂತು.

"ರೀ, ಒಂದ್ನಿಮಿಷ! ಅದನ್ನ ನಂಗೆ ಕೊಡ್ತೀರಾ?"

"ಯಾಕ್ ಮೇಡಂ, ಕೈಗೇನಾದ್ರೂ ತಗಲ್ತಾ?"

"ಇಲ್ಲ, ಆ ಹಸಿರು ಚೂರು ಚೆನ್ನಾಗಿದೆ."

ಅವನು ನನ್ನ ಮುಖ ನೋಡಿದ, ಸ್ಕೂಟರಿನ ಮುಖ ನೋಡಿದ, ಆಮೇಲೆ ಎರಡು ಹಿಡಿ ವೇಸ್ಟನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ. ಐವತ್ತು ದಾಟಿದ, ಕನ್ನಡಕ ಹಾಕಿಕೊಂಡ ಹೆಂಗಸೊಬ್ಬಳು ಚಿಂದಿ ಬೇಡುವುದನ್ನು ಅವನು ಮೊದಲ ಸಲ ಕಂಡಿರಬೇಕು. ನನಗೆ ಮಾತ್ರ ಇದು ಹಳೇ ಚಟ. ಟೈಲರ್ ಅಂಗಡಿಯ ಮುಂದೆ ಹೋದರೆ ನನ್ನ ಕಣ್ಣು ಶೋಕೇಸಿನ ಕಡೆ ಹೋಗುವುದಿಲ್ಲ, ಮಿಷನ್ನಿನ ಕಾಲಬುಡಕ್ಕೆ ಹೋಗುತ್ತದೆ. ಈ ಚಟ ಹತ್ತಿಸಿದವಳು ಮುನಿಯಕ್ಕ.

ಎಪ್ಪತ್ತರ ದಶಕದ ಕೊನೆಯಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ ವರ್ಕ್‌ಶಾಪು ಪೇಟೆ ಬಿಟ್ಟು ಪೀಣ್ಯಕ್ಕೆ ಬಂತು. ಅದರ ಹಿಂದೆ ನಾವೂ ಬಂದೆವು. ಅಪ್ಪ ಲೇತ್ ಮಿಷನ್ನಿನ ಟರ್ನರ್. ಪೀಣ್ಯದ ಹಿಂಬದಿಯ ಒಂದು ಹಳ್ಳಿಯಲ್ಲಿ, ಸಾಲಾಗಿ ಕಟ್ಟಿದ ಶೀಟಿನ ಮನೆಗಳ ಪೈಕಿ ಒಂದು ನಮ್ಮದಾಯಿತು. ಒಂದು ಕಡೆ ಫ್ಯಾಕ್ಟರಿಯ ಸೈರನ್, ಇನ್ನೊಂದು ಕಡೆ ಎಮ್ಮೆ. ಅಮ್ಮನಿಗೆ ಎರಡರ ಮೇಲೂ ಸಿಟ್ಟು. ಪೇಟೆಯಲ್ಲಿ ಹುಟ್ಟಿ ಬೆಳೆದ ಅವಳು ತುಮಕೂರು ರಸ್ತೆಯ ಧೂಳನ್ನು ದಿನಕ್ಕೆ ಮೂರು ಸಲ ಗುಡಿಸಿ, ಮೂರು ಸಲವೂ ಅಪ್ಪನ ಹೆಸರು ಹಿಡಿದು ಬೈಯುತ್ತಿದ್ದಳು.

ಮುನಿಯಕ್ಕ ಆ ಹಳ್ಳಿಯ ಮೂಲದವಳು. ಅವಳ ಮನೆಯ ಹೊಲ ಪೂರ್ತಿ ಫ್ಯಾಕ್ಟರಿ ಶೆಡ್ಡುಗಳಿಗೆ ಹೋಗಿತ್ತು. ಗಂಡ ಅದೇ ಶೆಡ್ಡೊಂದರ ಗೇಟಿನಲ್ಲಿ ಖಾಕಿ ತೊಟ್ಟು ವಾಚ್‌ಮನ್ ಆಗಿದ್ದ. ಆದರೆ ಹೊಲ ಹೋಯಿತು ಎಂದು ಅವಳು ಗೋಳಾಡಿದ್ದನ್ನು ನಾನು ಕೇಳಿಲ್ಲ. ಹೋಗಿದ್ದನ್ನು ಅವಳು ಒಪ್ಪಿಕೊಂಡೇ ಇರಲಿಲ್ಲ, ಅಷ್ಟೆ.

"ನಿಮ್ಮಪ್ಪ ಎಲ್ಲಿ ಕೆಲ್ಸ ಮಾಡೋದವ್ವ?" ಎಂದು ಮೊದಲ ಸಲ ಕಂಡಾಗ ಕೇಳಿದಳು. ನಾನು ನೀಲಿ ಗೇಟಿನ ಶೆಡ್ಡನ್ನು ತೋರಿಸಿದೆ. "ಓ, ನಮ್ಮ ಉಚ್ಚೆಳ್ಳು ಸಾಲಲ್ಲಾ! ಒಳ್ಳೇ ನೆಲ" ಎಂದಳು. ಟಂಗ್ ಟಂಗ್ ಎಂದು ಬಡಿಯುವ ಫೋರ್ಜಿಂಗ್ ಶೆಡ್ಡು ಅವಳಿಗೆ ಅವರೆ ಸಾಲು. ಬಣ್ಣ ಹೊಡೆಯುವ ಶೆಡ್ಡು ರಾಗಿ ಕಣ. ಅಪ್ಪ ಸಂಜೆ ಮನೆಗೆ ಬಂದಾಗ "ಹುಚ್ಚೆಳ್ಳು ಸಾಲಿಂದ ಬಂದ್ರಾ?" ಎಂದು ನಾನು ಕೇಳುವುದು ಅಭ್ಯಾಸವಾಯಿತು. ಅಪ್ಪ ನಗುತ್ತಿದ್ದರು, ಅಮ್ಮ ನಗುತ್ತಿರಲಿಲ್ಲ.

ಫ್ಯಾಕ್ಟರಿಗಳು ಅವಳಿಂದ ಹೊಲ ತೆಗೆದುಕೊಂಡವು ನಿಜ, ಪ್ರತಿಯಾಗಿ ವೇಸ್ಟ್ ಕೊಟ್ಟವು. ಗಂಡ ತರುತ್ತಿದ್ದ ವೇಸ್ಟಿನ ಚೀಲವನ್ನು ಅವಳು ಜಗಲಿಯ ಮೇಲೆ ಸುರಿದು, ಮೊರದಲ್ಲಿ ಅಕ್ಕಿ ಆರಿಸುವ ಹಾಗೆ ಆರಿಸುತ್ತಿದ್ದಳು. ಕಣ್ಣಿನಿಂದಲ್ಲ, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ. ಇದು ಕೆನ್ನೆಗೆ, ಇದು ಮೊಣಕೈಗೆ, ಇದು ಕಿವಿಗೆ. ಕಿವಿಗೆ ಸ್ವಲ್ಪ ಬಿರುಸು ಬಟ್ಟೆಯೇ ಆಗಬೇಕು, ಇಲ್ಲದಿದ್ದರೆ ಬೊಂಬೆ ಮಾತು ಕೇಳುವ ಹಾಗೆ ಕಾಣುವುದಿಲ್ಲವಂತೆ. ನಾನು ಈ ಮಾತನ್ನು ಆಗಲೂ ನಂಬಿದೆ, ಈಗಲೂ ನಂಬುತ್ತೇನೆ. ಸೂಜಿಗೆ ಡಬ್ಬಿ ಗಿಬ್ಬಿ ಇರಲಿಲ್ಲ. ಎಡಹೆಗಲ ಮೇಲಿನ ಸೆರಗಿಗೆ ದಾರ ಪೋಣಿಸಿದ ಸೂಜಿಯನ್ನು ಚುಚ್ಚಿಕೊಂಡಿರುತ್ತಿದ್ದಳು, ಎಳೆಯುತ್ತಿದ್ದಳು, ಹೊಲಿದು ಮತ್ತೆ ಅಲ್ಲೇ ಚುಚ್ಚುತ್ತಿದ್ದಳು. ಬದನೇಕಾಯಿ ಬಣ್ಣದ, ಸಣ್ಣ ಹಳದಿ ಅಂಚಿನ ಆ ಸೀರೆ ಬಿಟ್ಟು ಅವಳನ್ನು ನೆನೆಯಲು ನನಗೆ ಬರುವುದಿಲ್ಲ.

ಅವಳ ಬೊಂಬೆಗಳು ಪೇಟೆಯ ಅಂಗಡಿಯ ಬೊಂಬೆಗಳ ಹಾಗೆ ಕಣ್ಣರಳಿಸಿ ಕೂತ ರಾಜಕುಮಾರಿಯರಲ್ಲ. ನಮ್ಮೂರಿನ ಜನವೇ. ಎರಡು ಮೂಗುಬಟ್ಟಿನ ಇಡ್ಲಿ ಅಕ್ಕ, ಚೀಲ ನೇತುಹಾಕಿಕೊಂಡು ಸೂಜಿಮದ್ದು ಚುಚ್ಚಲು ಬರುತ್ತಿದ್ದ ನರ್ಸಮ್ಮ, ಶಿಫ್ಟು ಮುಗಿಸಿ ಬುತ್ತಿ ಡಬ್ಬಿ ಹಿಡಿದು ಬರುವ ಗಂಡಸು. ಒಂದು ಬೊಂಬೆಗೆ ಅಂಗಿಯ ತುಂಬ ಸಣ್ಣ ಸಣ್ಣ ತೂತು ಮಾಡಿದ್ದಳು. ಅದು ವೆಲ್ಡಿಂಗ್ ಕೆಲಸದವನು. ಕಿಡಿ ಹಾರಿ ಅಂಗಿ ತೂತಾಗುತ್ತದೆ ಎಂದು ಅವಳು ಯಾರನ್ನೂ ಕೇಳಿ ತಿಳಿದಿದ್ದಲ್ಲ, ರಸ್ತೆಯಲ್ಲಿ ಹೋಗುವವರನ್ನು ನೋಡಿ ತಿಳಿದದ್ದು. ನಾನು ಆಮೇಲೆ ದೊಡ್ಡ ದೊಡ್ಡ ಗ್ಯಾಲರಿಗಳಲ್ಲಿ ದೊಡ್ಡ ದೊಡ್ಡವರ ಕೆಲಸ ನೋಡಿದ್ದೇನೆ, ತಲೆಯಾಡಿಸಿದ್ದೇನೆ. ಆದರೆ ಆ ವೆಲ್ಡರನ ಅಂಗಿಯ ಮುಂದೆ ನಿಂತಷ್ಟು ಹೊತ್ತು ಎಲ್ಲೂ ನಿಂತಿಲ್ಲ.

ನಾವು ಬಂದು ಎರಡು ವರ್ಷವಾದ ಮೇಲೆ ಒಮ್ಮೆ ಪೇಟೆಯಿಂದ ಕಾರಿನಲ್ಲಿ ಒಬ್ಬ ಮೇಡಂ ಬಂದರು. ಕರಕುಶಲ ವಸ್ತುಗಳ ಅಂಗಡಿಯವರು. ಇಡ್ಲಿ ಅಕ್ಕನನ್ನು ಕೈಯಲ್ಲಿ ಹಿಡಿದು, ಇಂಥದೇ ಒಂದು ಡಜನ್ ಬೇಕು ಎಂದರು. ಹೋಗುವಾಗ ಇನ್ನೊಂದು ಮಾತು ಸೇರಿಸಿದರು: ಒಳಗೆ ಹಳೇ ಬಟ್ಟೆ ಬೇಡ, ಸ್ಪಂಜು ತುಂಬಿ. ಹದಿನೈದು ದಿನ ಬಿಟ್ಟು ಬಂದು ನೋಡಿದರೆ ಜಗಲಿಯ ಮೇಲೆ ಹನ್ನೆರಡು ಬೊಂಬೆ ಇದ್ದವು, ಹನ್ನೆರಡೂ ಬೇರೆ ಬೇರೆ. ಒಬ್ಬಳು ಕುಂಟುತ್ತಿದ್ದಳು. ಇನ್ನೊಬ್ಬಳು ಆರು ತಿಂಗಳ ಬಸುರಿ.

"ಒಂದೇ ಥರ ಇರ್ಬೇಕು ಅಂತ ಹೇಳಿದ್ನಲ್ಲಮ್ಮ" ಎಂದರು ಮೇಡಂ.

"ಒಂದೇ ತರ ಬೇಕಾದ್ರೆ ಅಗೋ, ನಮ್ಮ ಅವರೆ ಸಾಲಲ್ಲಿ ನಟ್ಟು ಮಾಡ್ತವ್ರೆ ಕಣವ್ವ. ಸಾವ್ರ ತಗೊಂಡ್ರೂ ಒಂದೇ ತರ ಇರ್ತವೆ" ಎಂದಳು ಮುನಿಯಕ್ಕ. ಜಗಳಕ್ಕಲ್ಲ, ದಾರಿ ತೋರಿಸುವ ದನಿಯಲ್ಲಿ. "ಆಮ್ಯಾಕೆ ಸ್ಪಂಜು ತುಂಬಿದ್ರೆ ಇದು ಯಾರ ಮನೇದು ಅಂತ ಏಳ್ಲಿ?"

ಕಾರು ಹಾಗೇ ಹೋಯಿತು. ಹುಡುಗಿಯರಾದ ನಮಗೆ ಹಬ್ಬವಾಯಿತು, ಆ ಹನ್ನೆರಡೂ ನಮ್ಮ ಬೀದಿಯಲ್ಲೇ ಉಳಿದವು.

'ಯಾರ ಮನೇದು' ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕು, ಈ ಕತೆಯೆಲ್ಲ ನಿಂತಿರುವುದು ಅದರ ಮೇಲೆಯೇ. ಮುನಿಯಕ್ಕನದು ಒಂದು ಕಟ್ಟುನಿಟ್ಟಿನ ಪದ್ಧತಿ. ಹೊಸ ಬಟ್ಟೆ ಬೊಂಬೆಯ ಮೈಗೆ, ಹಳೇ ಬಟ್ಟೆ ಹೊಟ್ಟೆಗೆ. ಮೈಯ ಬಟ್ಟೆ ಅವಳದು, ಹೊಟ್ಟೆಯ ಬಟ್ಟೆ ಮಾತ್ರ ಬೊಂಬೆ ಬೇಕೆಂದು ಬಂದ ಮಗುವೇ ತರಬೇಕು. ಅದೂ ಆ ಮಗುವಿನ ಮನೆಯಲ್ಲಿ ಯಾರಾದರೂ ಉಟ್ಟು, ತೊಟ್ಟು, ಬೆವರಿ, ಒಗೆದು ಮೆತ್ತಗಾದ ಬಟ್ಟೆ. ಬೊಂಬೆ ಬೇಕು ಎಂದು ಹೋಗಿ ನಿಂತರೆ ಅವಳ ಮೊದಲ ಮಾತೇ "ಒಟ್ಟೆಗೇನು ತಂದಿದ್ದೀಯವ್ವ?" ತಾತನ ಪಂಚೆ, ಅಜ್ಜಿಯ ಕುಪ್ಪಸ, ಅಣ್ಣನ ಚಡ್ಡಿ, ಏನಾದರೂ ನಡೆಯುತ್ತದೆ. ಬೊಂಬೆ ಮುಗಿದ ದಿನ ಅದನ್ನು ಮಗುವಿನ ಕೈಗಿಟ್ಟು ಗಟ್ಟಿಯಾಗಿ ಹೇಳುತ್ತಿದ್ದಳು: "ಇದು ಗೌರಮ್ಮನ ಮನೇದು." "ಇದು ಹಾಲಿನ ನಂಜಪ್ಪನ ಮನೇದು." ಆಮೇಲೆ ಬೀದಿಯಲ್ಲಿ ಯಾರೇ ಕೇಳಲಿ, ಬೊಂಬೆ ಯಾರ ಮನೆಯದು ಎಂದು ಹೇಳಬಹುದಿತ್ತು. ಇನ್ನೊಂದು ಕಟ್ಟಳೆ: ಒಮ್ಮೆ ಹೊಲಿದ ಹೊಟ್ಟೆಯನ್ನು ಬಿಚ್ಚಬಾರದು.

ನಾವು ಬಂದ ವರ್ಷ ನನಗೆ ಎಂಟು. ಊರಿಗೆ ಬಂದು ಆರು ತಿಂಗಳಾದರೂ ಹುಡುಗಿಯರು ನನ್ನನ್ನು 'ಪ್ಯಾಟೆಯೋಳು' ಎಂದೇ ಕರೆಯುತ್ತಿದ್ದರು. ಮಧ್ಯಾಹ್ನ ಹೊಂಗೆ ಮರದ ಕೆಳಗೆ ಎಲ್ಲರೂ ತಮ್ಮ ತಮ್ಮ ಬೊಂಬೆ ತಂದು ಮನೆಯಾಟ ಆಡುವಾಗ ನಾನು ಸುಮ್ಮನೆ ನೋಡುತ್ತ ಕೂರಬೇಕು. ಬೊಂಬೆ ಇಲ್ಲದವರಿಗೆ ಅಲ್ಲಿ ಮನೆ ಇಲ್ಲ. ಒಂದು ಸಲ ದಯೆ ತೋರಿಸಿ ನನ್ನನ್ನು ಎಮ್ಮೆ ಮಾಡಿದರು. ಎರಡು ದಿನ ನಿಷ್ಠೆಯಿಂದ ಎಮ್ಮೆಯಾಗಿದ್ದೆ. ಮೂರನೆಯ ದಿನ ಮನೆಗೆ ಬಂದು ಅಮ್ಮನ ಮುಂದೆ ಅತ್ತು, ನಿನ್ನದೊಂದು ಹಳೇ ಸೀರೆಯ ಚೂರು ಕೊಡು ಎಂದೆ.

ಅಮ್ಮ ಹೌಹಾರಿದಳು. "ಉಟ್ಟ ಬಟ್ಟೇನ ಯಾರಿಗಾದ್ರೂ ಕೊಡ್ತಾರೇನೆ? ಅದೂ ಬೊಂಬೆ ಮಾಡೋಳಿಗೆ! ಬೊಂಬೆ ಮಾಡಿ, ಒಳಗೆ ಉಟ್ಟ ಬಟ್ಟೆ ಇಟ್ಟು, ಸೂಜಿ ಚುಚ್ತಾಳೆ ಅಂದ್ರೆ ಏನರ್ಥ? ಮಾಟ ಅಂತ ಬೇರೆ ಹೇಳ್ಬೇಕಾ?"

ಅಪ್ಪ ಪೇಪರಿನ ಹಿಂದಿನಿಂದ ಕೇಳಿದರು, "ಸ್ಟೀಲ್ ಪಾತ್ರೆಯವಳಿಗೆ ವರ್ಷಾ ವರ್ಷಾ ಹಳೇ ಸೀರೆ ಹಾಕ್ತೀಯಲ್ಲ, ಅವಳು ಮಾಟ ಮಾಡಲ್ವಾ?"

"ಅವಳು ಮೂಟೆಗಟ್ಲೆ ಹೊತ್ಕೊಂಡು ಹೋಗ್ತಾಳೆ. ಯಾರ್ದು ಯಾವ್ದು ಅಂತ ಅವಳಿಗೇನು ಗೊತ್ತು!" ಎಂದಳು ಅಮ್ಮ. ಈ ತರ್ಕದ ಮುಂದೆ ಅಪ್ಪ ಪೇಪರು ಮೇಲೆತ್ತಿಕೊಂಡರು.

ಹಳೇ ಬಟ್ಟೆಯ ಗಂಟನ್ನು ಅಮ್ಮ ಅಂದೇ ಅಟ್ಟಕ್ಕೆ ಏರಿಸಿದಳು. ನನ್ನ ಕೈಗೆ ಎಟುಕುವ ಹಾಗೆ ಉಳಿದದ್ದು ಟ್ರಂಕು ಮಾತ್ರ. ಅದರಲ್ಲಿ ಅಮ್ಮ ಮದುವೆಯಾದ ಹೊಸದರಲ್ಲಿ ಅಪ್ಪನಿಗೆಂದು ಹೊಲಿದ ಆರು ಬಿಳೀ ಕರ್ಚೀಫುಗಳಿದ್ದವು, ಪ್ರತಿಯೊಂದರ ಮೂಲೆಗೂ ನೀಲಿ ದಾರದಲ್ಲಿ ಕಸೂತಿ ಮಾಡಿದ ಒಂದು ಸಣ್ಣ ಹೂವು. ಅಪ್ಪ ಕೈ ಒರೆಸುತ್ತಿದ್ದುದು ವೇಸ್ಟಿನಲ್ಲಿ, ಮುಖ ಒರೆಸುತ್ತಿದ್ದುದು ತೋಳಿನಲ್ಲಿ. ಹಾಗಾಗಿ ಆರೂ ಮಡಿಕೆ ಬಿಚ್ಚದೆ ಕೂತಿದ್ದವು. ಒಂದನ್ನು ಎಗರಿಸಿದೆ.

ಹೊಸ ಬಟ್ಟೆ ಹೊಟ್ಟೆಗೆ ಆಗುವುದಿಲ್ಲವಲ್ಲ, ಅದಕ್ಕೆ ಅದನ್ನು ಹಳೆಯದು ಮಾಡಬೇಕಾಯಿತು. ಬೋರ್‌ವೆಲ್ಲಿನ ಪಕ್ಕದ ಕೆಸರಿನಲ್ಲಿ ಅದ್ದಿ ಕಲ್ಲಿನ ಮೇಲೆ ಉಜ್ಜಿದೆ. ಸಾಲದು ಎನ್ನಿಸಿ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿದೆ. ಬೆವರಿನ ವಾಸನೆ ಬರಲೆಂದು ಒಂದು ರಾತ್ರಿ ಕಂಕುಳಲ್ಲಿ ಇಟ್ಟುಕೊಂಡು ಮಲಗಿದೆ. ಎಂಟು ವರ್ಷದವಳಿಗೆ ಎಷ್ಟು ಬೆವರು ಬಂದೀತು! ಆದರೂ ಮಾರನೆಯ ದಿನ ಅದು ನನ್ನ ಕಣ್ಣಿಗೆ ಮೂರು ತಲೆಮಾರು ಬಳಸಿದ ಬಟ್ಟೆಯ ಹಾಗೆ ಕಂಡಿತು.

ಮುನಿಯಕ್ಕ ಅದನ್ನು ತೆಗೆದುಕೊಂಡಳು. ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದಳು. ಮೂಗಿನ ಹತ್ತಿರ ಹಿಡಿದಳು.

"ಯಾರ್ದವ್ವ ಇದು?"

"ನಮ್ಮಪ್ಪಂದು. ದಿನಾ ಫ್ಯಾಕ್ಟರಿಗೆ ತಗೊಂಡು ಹೋಗ್ತಿದ್ರು."

"ಪಾಪ, ಬೋ ಕಷ್ಟ ಬಿದ್ದೈತೆ ಬಟ್ಟೆ" ಎಂದು ಪಕ್ಕಕ್ಕಿಟ್ಟಳು. "ಓಗು, ಎಂಟು ದಿನ ಬಿಟ್ಟು ಬಾ."

ಆ ಎಂಟು ದಿನ ನಾನು ಪಟ್ಟ ಪಾಡು ಯಾರಿಗೂ ಬೇಡ. ಸಿಕ್ಕಿಬಿದ್ದೆನೋ ಇಲ್ಲವೋ? ಎಂಟನೆಯ ದಿನ ಹೋದಾಗ ಬೊಂಬೆ ಸಿದ್ಧವಾಗಿತ್ತು. ಗಿಣಿಹಸಿರು ಲಂಗ, ಕರೀ ಉಲ್ಲನ್ನಿನ ಎರಡು ಜಡೆ, ಕಿವಿಗೆ ಚಿನ್ನದ ಬಣ್ಣದ ಗುಂಡಿ. ಬೇರೆಯವರ ಬೊಂಬೆಗಳದು ಗೋಧಿ ಬಣ್ಣದ ಬನಿಯನ್ ಬಟ್ಟೆಯ ಮುಖ, ನನ್ನದರ ಮುಖ ಮಾತ್ರ ಬೆಳ್ಳಗೆ. ನಾನು ಪೇಟೆಯವಳೆಂದು ಮುನಿಯಕ್ಕ ವಿಶೇಷ ಮರ್ಯಾದೆ ಮಾಡಿದ್ದಾಳೆ ಎಂದು ಉಬ್ಬಿಹೋದೆ. ಆದರೆ ಬೊಂಬೆಯನ್ನು ನನ್ನ ಕೈಗಿಟ್ಟವಳು ಏನೂ ಹೇಳಲಿಲ್ಲ. ಇದು ಯಾರ ಮನೇದು ಎಂಬ ಒಂದು ಮಾತು, ಬೀದಿಯ ಎಲ್ಲ ಬೊಂಬೆಗಳಿಗೂ ಹೇಳಿದ್ದ ಮಾತು, ನನ್ನದಕ್ಕೆ ಬರಲಿಲ್ಲ. ಸುಮ್ಮನೆ ನನ್ನ ಕೆನ್ನೆ ತಟ್ಟಿ ಸೂಜಿಯನ್ನು ಹೆಗಲಿಗೆ ಚುಚ್ಚಿಕೊಂಡಳು. ಉಬ್ಬಿದ್ದು ಅಲ್ಲೇ ಇಳಿಯಿತು. ಅವಳಿಗೆ ಗೊತ್ತಾಗಿದೆ ಎಂದುಕೊಂಡೆ. ಕಳ್ಳ ಹೊಟ್ಟೆಯ ಬೊಂಬೆಗೆ ಮನೆಯ ಹೆಸರು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

ಹೊಂಗೆ ಮರದ ಕೆಳಗೆ ನನಗೆ ಮನೆಯೇನೋ ಸಿಕ್ಕಿತು, ಎಮ್ಮೆಯ ಪಾತ್ರ ಇನ್ನೊಬ್ಬಳಿಗೆ ಹೋಯಿತು. ಆದರೆ ಯಾರಾದರೂ "ಯಾರ ಮನೇದೇ ನಿನ್ ಬೊಂಬೆ?" ಎಂದರೆ ನನ್ನ ದನಿ ಅರ್ಧಕ್ಕೆ ಇಳಿಯುತ್ತಿತ್ತು.

ಮನೆಯಲ್ಲಿ ಬೇರೆ ರಾಮಾಯಣ. ಬೊಂಬೆ ಹೊಸ್ತಿಲು ದಾಟುವಂತಿಲ್ಲ ಎಂದು ಅಮ್ಮ ಅದನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಕೂರಿಸಿದಳು. ನಾಲ್ಕನೆಯ ದಿನ, ನಾನು ಸ್ಕೂಲಿನಿಂದ ಬರುವಾಗ, ಅವಳು ಬಾಗಿಲಲ್ಲಿ ನಿಂತು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಕಸೂತಿ ಮಾಡುವವಳಲ್ಲವೆ, ಕೈ ಸುಮ್ಮನಿರುವುದಿಲ್ಲ. "ಗಂಟೇ ಕಾಣಲ್ವಲ್ಲೇ! ಎಲ್ಲಿ ಶುರು ಮಾಡಿದ್ಳು, ಎಲ್ಲಿ ಮುಗಿಸಿದ್ಳು?" ಎಂದು ತನ್ನಷ್ಟಕ್ಕೆ ಗೊಣಗಿದಳು. ಆಮೇಲೆ ಬೊಂಬೆಯ ಜಡೆ ಎತ್ತಿ ಕತ್ತಿನ ಹಿಂಭಾಗವನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಅದನ್ನು ಒಳಗೆ ತಂದು ನನ್ನ ಹಾಸಿಗೆಯ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುನಿಯಕ್ಕನ ಮನೆಯ ಕಡೆ ಹೊರಟಳು. ಜಗಳ ಗ್ಯಾರಂಟಿ ಎಂದು ನಾನು ಮಂಚದ ಕೆಳಗೆ ಸೇರಿದೆ. ಅವಳು ಒಂದು ಗಂಟೆ ಬಿಟ್ಟು ಬಂದಳು, ಕೈಯಲ್ಲಿ ಒಂದು ಸೇರು ಅವರೆಕಾಯಿ. ಅದಾದ ಮೇಲೆ ಅವರಿಬ್ಬರೂ ಜಗಲಿಯ ಮೇಲೆ ಕೂತು ಹೊಲಿಯುವುದು ದಿನಾ ಮಧ್ಯಾಹ್ನದ ಕೆಲಸವಾಯಿತು. ಸ್ಟೀಲ್ ಪಾತ್ರೆಯವಳು ಬಂದರೆ ಅಮ್ಮ ಹಳೇ ಬಟ್ಟೆ ಇಲ್ಲ ಎಂದು ಕಳಿಸತೊಡಗಿದಳು. ದೊಡ್ಡವರ ವಿಷಯ ನಮಗೇಕೆ ಎಂದು ನಾನು ಕೇಳಲಿಲ್ಲ. ಕೇಳಲು ನನಗೆ ಧೈರ್ಯವೂ ಇರಲಿಲ್ಲ.

ನಾನು ಕಾಲೇಜಿನಲ್ಲಿದ್ದಾಗ ಮುನಿಯಕ್ಕ ತೀರಿಕೊಂಡಳು. ಕೊನೆಯ ಸಲ ನೋಡಲು ಹೋದಾಗಲೂ ಕರ್ಚೀಫಿನ ವಿಷಯ ಹೇಳದೆಯೇ ಎದ್ದು ಬಂದೆ. ಆ ಕೈಗಳನ್ನು ನಾನು ಮನಸಾರೆ ಮೆಚ್ಚಿದ್ದೆ, ಅವುಗಳಿಗೇ ಸುಳ್ಳು ಕೊಟ್ಟಿದ್ದೆ. ನಗಬೇಡಿ, ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವಳಿಗೆ ಆಗಾಗ ನಿದ್ದೆ ಕೆಡಿಸುತ್ತಿದ್ದುದು ಒಂದು ಕರ್ಚೀಫು.

ಗ್ಯಾರೇಜಿನಿಂದ ಆ ಹಸಿರು ಚೂರು ತಂದದ್ದು ಯಾಕೆ ಎಂದು ಈಗ ಹೇಳುತ್ತೇನೆ. ಬೊಂಬೆ ಈಗಲೂ ನನ್ನ ಬೀರುವಿನಲ್ಲಿದೆ. ಲಂಗ ಸವೆದಿತ್ತು, ತೇಪೆ ಹಾಕೋಣವೆಂದು ಅದನ್ನು ಬಿಚ್ಚಿದರೆ ಒಳಗೆ ಹೊಟ್ಟೆಯ ಹೊಲಿಗೆಯೂ ದಾರ ಸತ್ತು ಅರ್ಧ ಬಾಯಿ ಬಿಟ್ಟಿತ್ತು. ಬಿಚ್ಚಬಾರದು ಎಂಬ ಕಟ್ಟಳೆ ನೆನಪಿದೆ. ನಾನು ಬಿಚ್ಚಲಿಲ್ಲ, ತಾನಾಗಿ ಬಿಚ್ಚಿತ್ತು. ಕೆಸರಿನ ಬಣ್ಣದ ಕರ್ಚೀಫನ್ನು ನೋಡಲು ಧೈರ್ಯ ತಂದುಕೊಂಡು ಬೆರಳು ಹಾಕಿದೆ.

ಬಂದದ್ದು ಬದನೇಕಾಯಿ ಬಣ್ಣದ ಬಟ್ಟೆ. ಒಂದು ಬದಿಗೆ ಸಣ್ಣ ಹಳದಿ ಅಂಚು. ಸವೆದು ಬೆಣ್ಣೆಯಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಅದರ ತುಂಬ ಸೂಜಿಯ ತೂತುಗಳು, ನೂರಾರು, ಒಂದರ ಪಕ್ಕ ಒಂದು. ಹೆಗಲ ಮೇಲಿನ ಸೆರಗಿನ ತುಂಡನ್ನೇ ಕತ್ತರಿಸಿ ಇಟ್ಟಿದ್ದಳು.

ಅಮ್ಮ ಈಗ ನನ್ನ ಜೊತೆಗೇ ಇದ್ದಾಳೆ, ಎಂಬತ್ತನಾಲ್ಕು ವರ್ಷ. ಸೋಫಾದ ಮೇಲಿಂದ ಕೇಳಿದಳು, "ಏನೇ ಅದು?"

"ಕರ್ಚೀಫು ಇಲ್ಲಮ್ಮ" ಎಂದೆ. ನಲವತ್ತಕ್ಕೂ ಹೆಚ್ಚು ವರ್ಷ ಮುಚ್ಚಿಟ್ಟ ಗುಟ್ಟು ಹೀಗೆ ಪೆದ್ದುಪೆದ್ದಾಗಿ ಹೊರಬಿತ್ತು.

"ಹೊಟ್ಟೇಲಿ ಎಲ್ಲಿರತ್ತೆ? ಮುಖದಲ್ಲಿದೆ ನೋಡು. ಜಡೆ ಎತ್ತು."

ಎತ್ತಿದೆ. ಕತ್ತಿನ ಹಿಂದೆ, ಉಲ್ಲನ್ನಿನ ಬುಡದಲ್ಲಿ, ನೀಲಿ ದಾರದ ಒಂದು ಸಣ್ಣ ಹೂವು. ಒಗೆದು ಬೆಳ್ಳಗೆ ಮಾಡಿದ ಹೊಸ ಬಟ್ಟೆ, ಪದ್ಧತಿಯಂತೆ ಮೈಗೆ. ಪೇಟೆಯವಳೆಂದು ಸಿಕ್ಕ ಮರ್ಯಾದೆ ಎಂದುಕೊಂಡು ಇಷ್ಟು ವರ್ಷ ನಾನು ಮುದ್ದು ಮಾಡಿದ್ದು ನಾನೇ ಕದ್ದ ಕರ್ಚೀಫಿಗೆ.

"ನಿಂಗೆ ಅವತ್ತೇ ಗೊತ್ತಿತ್ತಾ?"

"ನಾನು ಹಾಕಿದ ಹೂವು ನಂಗೆ ಗೊತ್ತಾಗಲ್ವೇನೆ? ನಿಂಗೆ ನಾಲ್ಕು ಬಾರಿಸೋ ಮುಂಚೆ ಅವಳನ್ನ ಕೇಳ್ಕೊಂಡು ಬರೋಣ ಅಂತ ಹೋದೆ. ಅವಳೇ ಬೇಡ ಅಂದ್ಳು. 'ಒಡೀಬ್ಯಾಡ ಕಣವ್ವ, ಆಮ್ಯಾಕೆ ಬೊಂಬೆ ಕಂಡ್ರೆ ಮಗೂಗೆ ಏಟೇ ಗ್ಯಾಪ್ಕ ಬರ್ತದೆ. ನಿಮ್ಮನೇದು ಕೊಡಾಕೆ ನಿಂಗೆ ಭಯ, ಅದ್ಕೆ ನಮ್ಮನೇದು ಆಕಿವ್ನಿ' ಅಂದ್ಳು."

"ಮತ್ತೆ ಯಾರ ಮನೇದು ಅಂತ ಅವಳು ನಂಗ್ಯಾಕೆ ಹೇಳ್ಲಿಲ್ಲ?"

"ನಂಗೆ ಹೆದ್ರಿಕೊಂಡು ಅವಳು ಹೇಳ್ಲಿಲ್ಲ. ಅವಳ ಸೀರೆ ಚೂರು ಒಳಗಿದೆ ಅಂತ ನೀನು ಬಂದು ಒದರಿದ್ರೆ, ಆಗ ನಾನು ಬೊಂಬೇನ ಒಲೆಗೆ ಹಾಕ್ತಿದ್ದೆ" ಎಂದಳು ಅಮ್ಮ. "ಹಾಕೇ ಹಾಕ್ತಿದ್ದೆ" ಎಂದು ಮತ್ತೊಮ್ಮೆ ಹೇಳಿದಳು.

ಆ ಚೂರನ್ನು ಮಡಿಸಿ ಹೊಟ್ಟೆಯೊಳಗೆ ಇಟ್ಟು, ಸೂಜಿಗೆ ದಾರ ಪೋಣಿಸಿದೆ. ಅಮ್ಮ ಕೈ ತೋರಿಸಿ ತಡೆದಳು. ದಿನಾ ಉಡುವ ವಾಯಿಲ್ ಸೀರೆಯ ಸೆರಗಿನ ಅಂಚನ್ನು, ಹಲ್ಲಿಲ್ಲದ ಕಾರಣ ಎರಡು ಕೈಯಲ್ಲೂ ಹಿಡಿದು, ಪರ್ ಎಂದು ಹರಿದಳು. ಅಂಗೈಯಷ್ಟು ತುಂಡು.

"ಇದನ್ನೂ ಸೇರಿಸು."

ಸೇರಿಸಿದೆ. ಮುನಿಯಕ್ಕನ ಕೈಗೆ ಮರ್ಯಾದೆ ಬರುವ ಹಾಗೆ ಹೊಲಿಯಬೇಕೆಂದು ಉಸಿರು ಹಿಡಿದು, ಕನ್ನಡಕ ಮೂಗಿನ ತುದಿಗೆ ತಂದುಕೊಂಡು ಹೊಲಿದೆ. ಮುಗಿಸಿ ಅಮ್ಮನ ಕೈಗೆ ಕೊಟ್ಟೆ. ಅವಳು ತಿರುಗಿಸಿ ತಿರುಗಿಸಿ ನೋಡಿ, ಹೆಬ್ಬೆರಳು ಆಡಿಸಿ, ಬೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

"ಗಂಟು ಕಾಣ್ತಿದೆ ಕಣೆ" ಎಂದಳು.